ತಿನ್ನೋ ಜೋಳ, ಬಿತ್ತೋ ಜೋಳ

ಇಂಗ್ಲಿಷ್ ಬಾರದವರಿಗೂ ನೋಡಿದ ಕೂಡಲೇ ತಿಳಿಯುವ ಇಂಗ್ಲಿಷ್ ಮಾತು ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಯಾವುದು ಎಂದು ಯಾರಾದರೂ ಕೇಳಿದರೆ ಯೋಚಿಸಬೇಕಾದ್ದೇ ಇಲ್ಲ, ‘ಸ್ಟೋರೇಜ್ ಫುಲ್’. ಮೊದಲು ಆ ಪಟ್ಟ ‘ಔಟ್ ಆಫ್ ಕವರೇಜ್ ಏರಿಯಾ’ದ್ದಾಗಿತ್ತು. ಅದು ಇನ್ನೂ ಪೂರ್ತಿಯಾಗಿ ಕುರ್ಚಿ ಬಿಟ್ಟುಕೊಟ್ಟಿಲ್ಲ. ಸುರಪುರದ ಆಚೆ ಕೊಡೇಕಲ್ ಕಡೆಗೋ ರಾಜನಕೋಳೂರು ಕಡೆಗೋ ಹೊರಟರೆ ಇವೆರಡೂ ಜೋಡಿಯಾಗಿ ಎದುರಾಗುತ್ತವೆ: ಫೋನಿನೊಳಗೆ ಜಾಗ ಇಲ್ಲ, ಹೊರಗೆ ನೆಟ್ ಇಲ್ಲ.

ಜಾಗ ಹೋಗುವುದು ಎಲ್ಲಿಗೆ ಎನ್ನುವುದೇನೂ ಗುಟ್ಟಲ್ಲ. ಬೆಳಗಾದರೆ ಗುಲಾಬಿ ಹೂವಿನ ಮೇಲೆ ಶುಭೋದಯ, ಸೋಮವಾರ ಈಶ್ವರ, ಶನಿವಾರ ಹನುಮಪ್ಪ, ನಡುವೆ ಬೆಂಗಳೂರಿಗೆ ಗುಳೆ ಹೋದವರು ಕಟ್ಟುತ್ತಿರುವ ಬಿಲ್ಡಿಂಗಿನ ಹತ್ತನೇ ಮಾಳಿಗೆಯಿಂದ ತೆಗೆದು ಕಳಿಸಿದ ವಿಡಿಯೊ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ದಿನಾ ರಾತ್ರಿ 2 ಗಂಟೆಗೆ ಎದ್ದು ಮಾತುಕತೆಯನ್ನೆಲ್ಲ ಅದೇ ಫೋನಿನೊಳಗೆ ಇನ್ನೊಂದು ಪ್ರತಿ ಮಾಡಿಟ್ಟು ಮಲಗುತ್ತದೆ. ಊರಲ್ಲಿ ಆ ಹೊತ್ತಿಗೆ ಎಚ್ಚರ ಇರುವವರು ಎಂದರೆ ನೀರಿನ ಪಾಳಿಗೆ ಹೋದವರು ಮತ್ತು ವಾಟ್ಸ್ಆ್ಯಪ್.

ನನ್ನ ಕಸಬು ಇದರ ನಡುವೆ ಸಿಕ್ಕಿಕೊಂಡಿದೆ. ಊರಿಗೆ ಹೋದಾಗಲೆಲ್ಲ ಕಾಕಾ ತಪ್ಪದೆ ವಿಚಾರಿಸುತ್ತಾರೆ.

“ಕಂಪನ್ಯಾಗ ಏನ್ ಮಾಡ್ತಿಯಪಾ?”

“ಮೊಬೈಲ್ ಆ್ಯಪ್ ಬರೀತೀನ್ ಕಾಕಾ.”

“ಅದು ಗೊತ್ತದ. ಅದ್ರಾಗ ನೀ ಏನ್ ಮಾಡ್ತಿ?”

“ನೆಟ್ ಇಲ್ದಾಗ ಏನ್ ತೋರಿಸ್ಬೇಕು, ಅದನ್ನ ಫೋನ್‌ದಾಗ ಎಲ್ಲಿ ಇಡ್ಬೇಕು, ಅದು ನಂದು.”

“ನೆಟ್ ಇಲ್ದಾಗ ಏನ್ ತೋರಿಸೋದದ? ನೆಟ್ ಇಲ್ಲಂತ ತೋರಿಸು. ಅದಕ್ಕ ಪಗಾರ ಕೊಡ್ತಾರೇನು?”

ಕಾಕಾನ ಈ ಸಲಹೆಯನ್ನು ಜಗತ್ತಿನ ಬಹುಪಾಲು ಆ್ಯಪ್‌ಗಳು ಚಾಚೂತಪ್ಪದೆ ಪಾಲಿಸುತ್ತಿವೆ, ಅವುಗಳನ್ನು ಬರೆದವರಿಗೆ ಒಳ್ಳೆಯ ಪಗಾರವೂ ಸಿಗುತ್ತಿದೆ. ಬೆಂಗಳೂರಿನ ಆಫೀಸಿನಲ್ಲಿ ಗೋಡೆಯಿಂದ ಗೋಡೆಗೆ ವೈಫೈ ಹರಿಯುತ್ತದೆ. ಅಲ್ಲಿ ಕುಳಿತು ಬರೆದ ಹುಡುಗನಿಗೆ ನೆಟ್ ಇಲ್ಲದಿರುವುದು ಎಂದರೆ ಲಿಫ್ಟಿನೊಳಗಿನ ಅರ್ಧ ನಿಮಿಷ. ಅಷ್ಟಕ್ಕೆ ಗುಂಡಗೆ ಸುತ್ತುವ ಒಂದು ಚಕ್ರ ತೋರಿಸಿದರೆ ಸಾಕು ಎಂದು ಅವನು ತೀರ್ಮಾನಿಸುತ್ತಾನೆ. ಆ ಚಕ್ರ ಯಾದಗಿರಿಯಲ್ಲಿ ಬಸ್ಸು ಹತ್ತಿದಾಗ ಸುತ್ತತೊಡಗಿದ್ದು, ಭೀಮಾ ಸೇತುವೆ ದಾಟಿ, ಭೀಮರಾಯನಗುಡಿಯ ಕ್ಯಾಂಪ್ ದಾಟಿ, ಶಹಾಪುರದ ಗುಡ್ಡದಲ್ಲಿ ಮಲಗಿರುವ ಬುದ್ಧ ಕಾಣಿಸಿದರೂ ಸುತ್ತುತ್ತಲೇ ಇರುತ್ತದೆ. ಬುದ್ಧನಿಗೆ ಅವಸರವಿಲ್ಲ. ಪಕ್ಕದಲ್ಲಿ ಕೂತವರಿಗೆ ಇರುತ್ತದೆ.

ಒಮ್ಮೆ ದೂರದಿಂದ ತಂದದ್ದನ್ನು ಮತ್ತೆ ಮತ್ತೆ ತರುವ ಬದಲು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದಕ್ಕೆ ನಮ್ಮ ಕಸಬಿನವರು ಕ್ಯಾಶ್ ಅನ್ನುತ್ತಾರೆ. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ ಈ ಉಪಾಯದ ಬಗ್ಗೆ ಒಂದು ಪುಟ್ಟ ಲೇಖನ ಬರೆದಿದ್ದ. ನಿಧಾನದ ದೊಡ್ಡ ನೆನಪಿನ ಪಕ್ಕದಲ್ಲಿ ವೇಗದ ಚಿಕ್ಕ ನೆನಪೊಂದು ಇರಲಿ ಎಂಬುದಷ್ಟೇ ಅದರ ತಿರುಳು. ಕೆಲವೇ ವರ್ಷಗಳಲ್ಲಿ ಐಬಿಎಂ ತನ್ನ ದೈತ್ಯ ಯಂತ್ರವೊಂದರಲ್ಲಿ ಅದನ್ನು ಮಾಡಿ ಮಾರಿತು. ಆಗ ಅದು ಯಂತ್ರದ ಒಳಗಿನ ಸಂಗತಿ. ಈಗ ಸರ್ವರು ಇರುವುದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ, ಫೋನು ಇರುವುದು ಹುಣಸಗಿಯ ತೊಗರಿ ಹೊಲದಲ್ಲಿ. ದೂರ ಹೆಚ್ಚಿದೆ, ಉಪಾಯ ಅದೇ.

ಎಲ್ಲಿ ಇಡಬೇಕು ಎಂಬಲ್ಲಿ ಜಗಳ ಶುರು. ಆಂಡ್ರಾಯ್ಡಿನಲ್ಲಿ ಎಲ್ಲರೂ ಮೊದಲು ಕಲಿಯುವುದು ಶೇರ್ಡ್ ಪ್ರಿಫರೆನ್ಸಸ್. ಹೆಸರು ಕೊಟ್ಟು ವಿವರ ಇಡು, ಹೆಸರು ಹೇಳಿ ವಿವರ ತಗೋ. ‘ಭಾಷೆ ಕನ್ನಡ’, ‘ಅಕ್ಷರ ದೊಡ್ಡದು’, ‘ಲಾಗಿನ್ ಆಗಿದೆ’ ಎಂಬ ಚಿಲ್ಲರೆ ಸಂಗತಿಗಳಿಗೆ ಅದು ಹೇಳಿ ಮಾಡಿಸಿದ್ದು. ಕಲಿಯಲು ಸುಲಭವಾದ್ದಕ್ಕೆ ಜನ ಅದರೊಳಗೆ ಊರನ್ನೇ ತುಂಬುತ್ತಾರೆ. ಒಂದು ತಾಲೂಕಿನ ಹಳ್ಳಿಗಳ ಪಟ್ಟಿಯನ್ನೆಲ್ಲ ಒಂದೇ ಉದ್ದನೆಯ ಸಾಲು ಮಾಡಿ ತುರುಕಿದವರನ್ನು ಕಂಡಿದ್ದೇನೆ. ಒಳಗೆ ಅದು ಬರೀ ಒಂದು ಎಕ್ಸ್‌ಎಂಎಲ್ ಕಡತ. ಒಂದು ಹೆಸರು ಬೇಕೆಂದರೂ ಇಡೀ ಕಡತವನ್ನು ಓದಿ ಮೆಮೊರಿಗೆ ತಂದುಕೊಳ್ಳುತ್ತದೆ, ಒಂದಕ್ಷರ ತಿದ್ದಿದರೂ ಇಡೀ ಕಡತವನ್ನು ಮತ್ತೆ ಬರೆಯುತ್ತದೆ. ಫೋನು ನಡುನಡುವೆ ಗಕ್ಕನೆ ನಿಲ್ಲುತ್ತದೆ. ನಮ್ಮವರು ಅದಕ್ಕೆ ‘ಹ್ಯಾಂಗ್ ಆಗ್ಯಾದ’ ಎಂದು ತೊಡೆಗೆ ಎರಡು ಬಾರಿ ಬಡಿಯುತ್ತಾರೆ. ಗೂಗಲ್ ಈಗ ಇದನ್ನು ಬಿಟ್ಟು ಡೇಟಾಸ್ಟೋರ್ ಬಳಸಿ ಅನ್ನುತ್ತದೆ. ಒಳ್ಳೆಯದೇ, ಆದರೆ ಅದೂ ಚಿಲ್ಲರೆ ಇಡುವುದಕ್ಕೇ.

ಪಟ್ಟಿ, ಲೆಕ್ಕ, ಹುಡುಕಾಟ ಎಂದರೆ ಎಸ್‌ಕ್ಯೂಲೈಟ್. ನನ್ನ ಪಕ್ಷಪಾತ ಇಲ್ಲೇ ಹೇಳಿಬಿಡುತ್ತೇನೆ, ಈ ಒಂದು ಸಾಮಾನಿನ ಮೇಲೆ ನನಗೆ ಭಕ್ತಿ ಇದೆ. ರಿಚರ್ಡ್ ಹಿಪ್ ಎಂಬ ಅಮೆರಿಕನ್ 2000ನೇ ಇಸವಿಯಲ್ಲಿ ಇದನ್ನು ಬರೆದ. ಆಗ ಅವನು ಕೆಲಸ ಮಾಡುತ್ತಿದ್ದುದು ಅಲ್ಲಿನ ನೌಕಾಪಡೆಯ ಯುದ್ಧನೌಕೆಯೊಂದರ ತಂತ್ರಾಂಶಕ್ಕೆ. ಹಡಗಿಗೆ ಪೆಟ್ಟಾದರೆ ಏನು ಮಾಡಬೇಕೆಂದು ಹೇಳುವ ತಂತ್ರಾಂಶ ಅದು. ಅದಕ್ಕೆ ಬೇಕಾದ ಮಾಹಿತಿ ಬೇರೊಂದು ಡೇಟಾಬೇಸ್ ಸರ್ವರಿನಲ್ಲಿ ಇರುತ್ತಿತ್ತು, ಆ ಸರ್ವರು ಮಲಗಿದರೆ ಇದೂ ಮಲಗುತ್ತಿತ್ತು. ಗುಂಡು ಬಿದ್ದ ಹೊತ್ತಿಗೆ ‘ಸರ್ವರ್ ಸಿಗುತ್ತಿಲ್ಲ’ ಎಂದರೆ ಹೇಗೆ? ಸರ್ವರೇ ಬೇಡ, ಡೇಟಾಬೇಸೆಲ್ಲ ಒಂದೇ ಕಡತದೊಳಗೆ ಆ್ಯಪಿನ ಜೊತೆಗೇ ಇರಲಿ ಎಂದು ಅವನು ಹೊರಟದ್ದು ಅಲ್ಲಿಂದ. ನಡುಸಮುದ್ರದ ಹಡಗಿಗೆಂದು ಹುಟ್ಟಿದ್ದು ನೆಟ್ ಇಲ್ಲದ ಎರೆಹೊಲಕ್ಕೂ ಒದಗಿ ಬಂತು. ಯಾರ ಸೊತ್ತೂ ಅಲ್ಲ, ದುಡ್ಡಿಲ್ಲ, ಲೈಸನ್ಸಿನ ಕಿರಿಕಿರಿ ಇಲ್ಲ. ನಿಮ್ಮ ಕಿಸೆಯ ಫೋನಿನಲ್ಲೂ ಇದೆ, ಒಂದಲ್ಲ ಹತ್ತಾರು ಕಡೆ.

ಭಕ್ತಿ ಹುಟ್ಟಲು ಇನ್ನೊಂದು ಕಾರಣವೂ ಇದೆ. ಬರೆಯುತ್ತಿರುವಾಗಲೇ ಬ್ಯಾಟರಿ ಮುಗಿದು ಫೋನು ಆರಿತು ಎನ್ನಿ. ಎಸ್‌ಕ್ಯೂಲೈಟ್ ಬರೆಯುವುದಕ್ಕೂ ಮೊದಲು ಪಕ್ಕದಲ್ಲಿ ಒಂದು ಜರ್ನಲ್ ಇಟ್ಟುಕೊಂಡಿರುತ್ತದೆ. ಮತ್ತೆ ಕರೆಂಟು ಬಂದು ಫೋನು ಎದ್ದಾಗ ಆ ಜರ್ನಲ್ ನೋಡಿ, ಅರ್ಧಂಬರ್ಧ ಬರೆದದ್ದನ್ನು ಅಳಿಸಿ, ಕೆಡುವುದಕ್ಕೆ ಮೊದಲಿದ್ದ ಸ್ಥಿತಿಗೆ ಮರಳುತ್ತದೆ. ಪೂರ್ತಿ ಬರೆದಿತ್ತು ಇಲ್ಲವೇ ಬರೆದೇ ಇರಲಿಲ್ಲ, ಅರ್ಧ ಎಂಬುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆಷ್ಟು ಸಲ ಕರೆಂಟು ಹೋಗಿ ಬರುತ್ತದೆಂದು ಬಲ್ಲವರಿಗೆ ಈ ಗುಣದ ಬೆಲೆ ಗೊತ್ತು.

ನಡುವೆ ಫ್ಯಾಶನ್ ಬಂದು ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಸಂದರ್ಶನಕ್ಕೆ ಹೋದರೆ ‘ರೆಲ್ಮ್ ಬರುತ್ತದೆಯೇ’ ಎಂದೇ ಮೊದಲ ಪ್ರಶ್ನೆ. ರೆಲ್ಮ್ ಎಂಬ ಆ ಡೇಟಾಬೇಸನ್ನು 2019ರಲ್ಲಿ ಮಾಂಗೊಡಿಬಿ ಕಂಪನಿ ಕೊಂಡಿತು, 2024ರಲ್ಲಿ ಅದರ ಸಿಂಕ್ ಸೇವೆಯನ್ನು ನಿಲ್ಲಿಸುವುದಾಗಿ ಹೇಳಿತು. ನಂಬಿ ಮನೆ ಕಟ್ಟಿದವರೆಲ್ಲ ಗಂಟುಮೂಟೆ ಕಟ್ಟಿದರು. ಎಸ್‌ಕ್ಯೂಲೈಟಿನವರು ಮಾತ್ರ 2050ರವರೆಗೆ ನೋಡಿಕೊಳ್ಳುವ ಉದ್ದೇಶವಿದೆ ಎಂದು ಬರೆದುಕೊಂಡು ಸುಮ್ಮನೆ ಕೂತಿದ್ದಾರೆ. 2017ರಲ್ಲಿ ಗೂಗಲ್ ಎಸ್‌ಕ್ಯೂಲೈಟಿನ ಮೇಲೆ ‘ರೂಮ್’ ಎಂಬ ಪದರವೊಂದನ್ನು ಕಟ್ಟಿಕೊಟ್ಟಿತು. ಪರದೆಯ ಕೆಲಸ ನಡೆಯುವ ಮುಖ್ಯ ದಾರಿಯಲ್ಲಿ ನಿಂತು ಡೇಟಾಬೇಸಿಗೆ ಪ್ರಶ್ನೆ ಕೇಳಿದರೆ ಈ ರೂಮ್ ನಿಷ್ಠುರವಾಗಿ ಬಾಗಿಲು ಹಾಕುತ್ತದೆ, ಹಿತ್ತಿಲ ಕಡೆಯಿಂದ ಬಾ ಅನ್ನುತ್ತದೆ. ತೊಡೆಗೆ ಬಡಿಯುವುದು ಎಷ್ಟೋ ತಪ್ಪಿದೆ.

ಫೋಟೊಗಳ ಕಥೆ ಬೇರೆ. ಇಡುವುದೇ ಆದರೆ ಎಲ್ಲ ಡೇಟಾಬೇಸಿನಲ್ಲೇ ಇರಲಿ ಎಂದು ಫೋಟೊವನ್ನೂ ಅದರೊಳಗೆ ಹಾಕುವವರಿದ್ದಾರೆ. ಹಾಕುವಾಗ ಏನೂ ತಕರಾರಿಲ್ಲ. ತೆಗೆಯುವಾಗ ಆಂಡ್ರಾಯ್ಡ್ ಒಂದು ಕಿಟಕಿಯ ಮೂಲಕ ಕೊಡುತ್ತದೆ, ಆ ಕಿಟಕಿಯ ಅಳತೆ ಸಾಮಾನ್ಯವಾಗಿ 2 ಎಂಬಿ. ಈಗಿನ ಕ್ಯಾಮೆರಾದ ಒಂದು ಫೋಟೊ ಅದಕ್ಕಿಂತ ದಪ್ಪ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಆ್ಯಪು ಬಿದ್ದುಹೋಗುತ್ತದೆ. ಆದ್ದರಿಂದ ಫೋಟೊ ಕಡತವಾಗಿ ಹೊರಗಿರಲಿ, ಅದರ ವಿಳಾಸ ಮಾತ್ರ ಡೇಟಾಬೇಸಿನಲ್ಲಿರಲಿ ಎಂಬುದು ಬಲ್ಲವರ ಕ್ರಮ. ಆದರೆ ಆ ಕಡತವನ್ನು ಇಡಲು ಫೋನಿನಲ್ಲಿ ಎರಡು ಕೋಣೆಗಳಿವೆ. ಒಂದು ಆ್ಯಪಿನ ಖಾಸಾ ಕೋಣೆ. ಇನ್ನೊಂದು ಕ್ಯಾಶ್ ಕೋಣೆ, ಜಾಗ ಸಾಲದಾದಾಗ ಫೋನು ಯಾರನ್ನೂ ಕೇಳದೆ ಬಂದು ಇದನ್ನು ಗುಡಿಸುತ್ತದೆ. ಐಫೋನಿನಲ್ಲೂ ಇದೇ ಪದ್ಧತಿ. ಐಫೋನು ನಮ್ಮ ಕಡೆ ಮದುವೆಗಳಲ್ಲಿ ಕಾಣಿಸುತ್ತದೆ, ಹೊಲದಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಅದರ ಮಾತು ಇಷ್ಟು ಸಾಕು.

ನಾನು ಹೇಳಬೇಕಾದ್ದು ಇರುವುದು ಈ ಎರಡು ಕೋಣೆಗಳಲ್ಲಿ. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ತಿನ್ನುವ ಜೋಳ ಹಗೇವಿನಲ್ಲಿ ಇರುತ್ತಿತ್ತು. ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಸುತ್ತ ಜೋಳದ ದಂಟಿನ ಹಾಸು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ತೆಗೆಯುವ ದಿನ ಬಾಯಿ ತೆರೆದು ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಆ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ, ರೂಢಿಯಾದವರಿಗೆ ಅದೇ ರುಚಿ. ಬಿತ್ತುವ ಜೋಳ ಮಾತ್ರ ಎಂದೂ ಅದರ ಜೊತೆ ಸೇರುತ್ತಿರಲಿಲ್ಲ. ಒಳ್ಳೆಯ ತೆನೆ ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ, ಬೇರೆ ಮೂಲೆಯಲ್ಲಿ. ತಿನ್ನುವ ಜೋಳ ತೀರಿದರೆ ಸಾಲ ತರಬಹುದು, ಕೊಳ್ಳಬಹುದು, ಬೀಗರ ಮನೆಗೆ ಹೋಗಿ ನಾಲ್ಕು ದಿನ ಕಳೆಯಲೂಬಹುದು. ಬಿತ್ತುವ ಗಡಿಗೆಗೆ ಕೈ ಹಾಕಿದ ಮನೆಯ ಹೆಸರು ಊರಲ್ಲಿ ಉಳಿಯುತ್ತಿರಲಿಲ್ಲ.

ಕಾಕಾನಿಗೆ ಇದನ್ನು ಹೇಳಿದರೆ ಅವರು ಒಪ್ಪಲಿಲ್ಲ. “ಹಗೇವು ಈಗ ಯಾರ್ ತೋಡ್ತಾರ? ಗೋದಾಮಿಗೆ ಹಾಕ್ತೀವಿ, ರಸೀದಿ ತಗೊಂಡು ಬರ್ತೀವಿ. ಕಾಲ ಬದಲಾಗ್ಯಾದ ತಮ್ಮಾ.” ಖರೇ. ಬೆಂಗಳೂರಿನವರೂ ಇದನ್ನೇ ಹೇಳುತ್ತಾರೆ, ಎಲ್ಲ ಕ್ಲೌಡಿಗೆ ಹಾಕಿ ಅನ್ನುತ್ತಾರೆ. ಗೋದಾಮಿಗೆ ಹೋಗುವ ತನಕ ಚೀಲ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಕಾಕಾನೂ ಉತ್ತರ ಹೇಳಲಿಲ್ಲ, ಅವರೂ ಹೇಳುವುದಿಲ್ಲ.

ಸರ್ವರಿನಿಂದ ಬಂದದ್ದೆಲ್ಲ ತಿನ್ನುವ ಜೋಳ. ಹವಾಮಾನ, ಮಾರುಕಟ್ಟೆ ದರ, ಬೀಗರ ಮಗುವಿನ ಫೋಟೊ, ಹೋದರೆ ಮತ್ತೆ ತರಿಸಬಹುದು. ಅದು ಕ್ಯಾಶ್. ಹೊಲದಲ್ಲಿ ನಿಂತು ಮನುಷ್ಯ ತಾನೇ ತುಂಬಿದ್ದು, ತಾನೇ ತೆಗೆದ ಫೋಟೊ, ಇನ್ನೂ ಎಲ್ಲಿಗೂ ಕಳಿಸದೆ ಇರುವ ಲೆಕ್ಕ, ಅದು ಬಿತ್ತುವ ಜೋಳ. ಜಗತ್ತಿನಲ್ಲಿ ಅದರ ಪ್ರತಿ ಇರುವುದು ಅದೊಂದೇ ಫೋನಿನಲ್ಲಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವ ಆ್ಯಪು ಎಷ್ಟು ಚೆಂದ ಬಣ್ಣ ಬಳಿದುಕೊಂಡಿದ್ದರೂ ನನ್ನ ಲೆಕ್ಕದಲ್ಲಿ ಫೇಲು.

ಬೆಳೆ ಸಮೀಕ್ಷೆಯನ್ನೇ ನೋಡಿ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮಿಗೊಮ್ಮೆ ಪ್ರತಿ ಸರ್ವೆ ನಂಬರಿನಲ್ಲಿ ಏನು ಬೆಳೆ ನಿಂತಿದೆ ಎಂದು ಫೋಟೊ ಸಮೇತ ದಾಖಲಿಸುವ ಕೆಲಸ. 2020ರಿಂದ ರೈತರು ತಾವೇ ತಮ್ಮ ಫೋನಿನಲ್ಲಿ ಮಾಡಬಹುದು, ಇಲ್ಲವೇ ಊರಿನ ಹುಡುಗರು ಪಿ.ಆರ್. (ಖಾಸಗಿ ನಿವಾಸಿ) ಎಂದು ನೇಮಕಗೊಂಡು ಮಾಡುತ್ತಾರೆ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಗೆ ತೊಗರಿ ಕೊಡುವುದು, ಎಲ್ಲದಕ್ಕೂ ಆಮೇಲೆ ಈ ದಾಖಲೆ ಬೇಕು. ನೆಟ್ ಇರುವಲ್ಲಿ ಮೊದಲು ಹೊಲದ ವಿವರ ಇಳಿಸಿಕೊಳ್ಳಬೇಕು, ಹೊಲಕ್ಕೆ ಹೋಗಿ ನಿಂತು ಬೆಳೆಯ ಹೆಸರು ಆರಿಸಿ ಫೋಟೊ ತೆಗೆಯಬೇಕು, ನೆಟ್ ಇರುವಲ್ಲಿಗೆ ಬಂದು ಅಪ್‌ಲೋಡ್ ಒತ್ತಬೇಕು. ಹೊಲ ಎಲ್ಲಿದೆ ಎನ್ನಲು ನೆಟ್ ಬೇಕಿಲ್ಲ, ಜಿಪಿಎಸ್ ಆಕಾಶದಿಂದ ಹೇಳುತ್ತದೆ. ಬೇಕಾದ್ದು ಇಳಿಸಿಕೊಂಡ ವಿವರ ಇರಲು ಒಂದು ಜಾಗ, ತೆಗೆದ ಫೋಟೊ ಕಾಯಲು ಇನ್ನೊಂದು.

ನಮ್ಮ ಅಳಿಯನೊಬ್ಬ ಈ ಕೆಲಸ ಮಾಡುತ್ತಾನೆ. ನಾರಾಯಣಪುರ ಎಡದಂಡೆ ಕಾಲುವೆಯ ಬದಿಯ ನೆಲ್ಲಿನ ಗದ್ದೆಯಲ್ಲಿ ಅವನ ಜೊತೆ ಹೋಗಿ ನೋಡಿದೆ. ಪ್ಯಾಂಟು ಮೊಳಕಾಲಿಗೆ ಮಡಚಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು, ಬಿಸಿಲಿಗೆ ಪರದೆ ಕಾಣದ್ದಕ್ಕೆ ಟವೆಲನ್ನು ತಲೆ ಫೋನು ಎರಡಕ್ಕೂ ಸೇರಿಸಿ ಹೊದ್ದುಕೊಂಡು, ಒಳಗಿನಿಂದಲೇ “ಮಾವಾ, ಹಿಂದ್ ಸರೀರಿ, ನಿಮ್ ನೆಳ್ಳು ಬೀಳ್ಲಾಕತ್ತದ” ಎಂದ. ಒತ್ತಿದ. ಮೇಲಿನ ಮೂಲೆಯಲ್ಲಿ ನೆಟ್‌ವರ್ಕಿನ ಒಂದು ಕಡ್ಡಿಯೂ ಇರಲಿಲ್ಲ. ಅವನು ಅದನ್ನು ನೋಡಲೂ ಇಲ್ಲ, ಮುಂದಿನ ಬದುವಿಗೆ ನಡೆದ. ಸಂಜೆ ಊರ ಹನುಮಪ್ಪನ ಗುಡಿಯ ಕಟ್ಟೆ ಹತ್ತಿದರೆ ಎರಡು ಕಡ್ಡಿ ಬರುತ್ತವೆ, ಆ ಹೊತ್ತಿಗೆ ಅಲ್ಲಿ ಇಂಥ ಹುಡುಗರದೇ ಸಭೆ.

ಉದ್ಯೋಗ ಖಾತ್ರಿಯ ಹಾಜರಿಯೂ ಹೀಗೆ ಫೋನಿಗೆ ಬಂತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಾಮಗಾರಿಗಳಲ್ಲೂ ಎನ್‌ಎಂಎಂಎಸ್ ಆ್ಯಪಿನಲ್ಲಿ ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ಕಡ್ಡಾಯವಾಯಿತು. ಕೆರೆ ಹೂಳು ತೆಗೆಯುವ ಕಡೆ ಕೂಲಿ ಗುಂಪಿನ ಮುಂದಾಳಾದ ಕಾಯಕ ಬಂಧು ಫೋನು ಎತ್ತಿ ಹಿಡಿದು ನಿಂತರೆ, ಆ ಫೋಟೊ ಬರೀ ಫೋಟೊ ಅಲ್ಲ, ಅಲ್ಲಿ ನಿಂತವರ ಅಂದಿನ ಕೂಲಿ.

ಇಷ್ಟರಲ್ಲಿ ಹಳಸುವ ವಿಚಾರ ಮರೆತೇಬಿಟ್ಟೆ. ಇಟ್ಟದ್ದು ಎಷ್ಟು ದಿನಕ್ಕೆ ಹಳತಾಗುತ್ತದೆ ಎಂದು ಮೊದಲೇ ನಿರ್ಧರಿಸಬೇಕು. ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠ ಎಲ್ಲೂ ಸಿಗದು. 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರೆಯಾಗಿ ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಯಿತು. ಆಗ ತಾಲೂಕು ಮೂರೇ, ಯಾದಗಿರಿ, ಶಹಾಪುರ, ಸುರಪುರ. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಈ ನಡುವೆ ಗುರುಮಠಕಲ್, ವಡಗೇರಾ, ಹುಣಸಗಿ ತಾಲೂಕುಗಳಾದವು. ಸುರಪುರ ಒಂದು ಕಡೆ ಸುರಪುರ, ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಶೋರಾಪುರ. ಜಿಲ್ಲೆ ತಾಲೂಕಿನ ಪಟ್ಟಿ ಎಲ್ಲಿ ಬದಲಾಗುತ್ತದೆ ಎಂದು ಆ್ಯಪಿನೊಳಗೇ ಗಟ್ಟಿಯಾಗಿ ಕೂಡಿಸಿಬಿಟ್ಟವರು ಇನ್ನೂ ಹುಣಸಗಿಯವರಿಗೆ ‘ಇತರೆ’ ಆರಿಸಿ ಅನ್ನುತ್ತಿದ್ದಾರೆ. ವಾರಕ್ಕೊಮ್ಮೆ ಸರ್ವರನ್ನು ‘ಪಟ್ಟಿ ಬದಲಾಗಿದೆಯೇನು’ ಎಂದು ಕೇಳಿದರೆ ಸಾಕು. ಬದಲಾಗಿಲ್ಲವಾದರೆ ಅದು 304 ಎಂಬ ಮೂರಂಕಿಯ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಪಟ್ಟಿಯನ್ನೆಲ್ಲ ಮತ್ತೆ ಕಳಿಸುವುದಿಲ್ಲ. ಅಷ್ಟು ಮಾತಿಗೆ ಗುಡಿಯ ಕಟ್ಟೆಯ ಎರಡು ಕಡ್ಡಿ ಧಾರಾಳ ಸಾಕು.

ಕನ್ನಡದಲ್ಲಿ ಇಟ್ಟರೆ ಜಾಗ ಹೆಚ್ಚು ಬೇಕು ಎನ್ನುವ ಆಕ್ಷೇಪವನ್ನೂ ಕೇಳಿದ್ದೇನೆ. ನಿಜ ಇದೆ. ‘ಶಹಾಪುರ’ ಎಂದು ಕನ್ನಡದಲ್ಲಿ ಬರೆದಿಟ್ಟರೆ ಯುಟಿಎಫ್-8ರಲ್ಲಿ 18 ಬೈಟು, ಇಂಗ್ಲಿಷಿನಲ್ಲಿ 8. ಒಂದು ಶುಭೋದಯದ ಗುಲಾಬಿಯನ್ನು ಅಳಿಸಿದರೆ ಜಿಲ್ಲೆಯ ಎಲ್ಲ ಊರುಗಳ ಹೆಸರನ್ನೂ ಕನ್ನಡದಲ್ಲಿ ಇಟ್ಟ ಮೇಲೂ ಜಾಗ ಉಳಿಯುತ್ತದೆ. ಈ ವಾದ ಮಾಡಿದವರು ಗುಲಾಬಿಯನ್ನು ಮಾತ್ರ ಅಳಿಸಲು ತಯಾರಿರಲಿಲ್ಲ.

ಇನ್ನು ಚಿಗವ್ವನ ಪ್ರಕರಣ. ಚಿಗವ್ವ ಮಹಿಳಾ ಸಂಘದ ಲೆಕ್ಕ ಬರೆಯುವಾಕೆ. ಯಾರೋ ಒಂದು ಆ್ಯಪು ಹಾಕಿಕೊಟ್ಟಿದ್ದರು, ವಾರದ ಉಳಿತಾಯ, ಸಾಲದ ಕಂತು ಎಲ್ಲ ಅದರಲ್ಲಿ. ಫೋನು ತುಂಬಿ ಮಿಸುಕದಂತಾದಾಗ ಶಹಾಪುರ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೊಬೈಲ್ ಅಂಗಡಿಗೆ ಹೋದಳು, ಜೊತೆಗೆ ನಾನು. ಅಂಗಡಿಯ ಹುಡುಗ ಸೆಟ್ಟಿಂಗ್ಸ್ ತೆರೆದು, ತಲೆ ಎತ್ತದೆ ಕೇಳಿದ.

“ಅಕ್ಕೋರೆ, ಕ್ಯಾಶ್ ಕ್ಲಿಯರ್ ಮಾಡ್ಲೇನ್ರಿ?”

ಚಿಗವ್ವನ ಕೈ ಸೆರಗಿನ ಗಂಟಿಗೆ ಹೋಯಿತು. “ಯಾಕೋ ತಮ್ಮಾ, ಸಂಘದ ರೊಕ್ಕ ಅದು. ಕ್ಯಾಶಿಗೆ ಕೈ ಹಚ್ಚಬ್ಯಾಡ. ಬ್ಯಾರೆ ಏನರ ಇದ್ರ ತೆಗಿ.”

ಬೇರೆ ಇದ್ದದ್ದು ಒಂದೇ ಗುಂಡಿ, ಕ್ಲಿಯರ್ ಡೇಟಾ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ ವಿಧೇಯನಾಗಿ ಅದನ್ನು ಒತ್ತಿದ. ಮೊದಲನೆಯ ಗುಂಡಿ ಒತ್ತಿದ್ದರೆ ತಿನ್ನುವ ಜೋಳ ಮಾತ್ರ ಹೋಗುತ್ತಿತ್ತು. ಎರಡನೆಯದು ಡೇಟಾಬೇಸು, ಪ್ರಿಫರೆನ್ಸು, ಖಾಸಾ ಕೋಣೆಯ ಕಡತ ಎಲ್ಲವನ್ನೂ ಬುಡಸಮೇತ ತೆಗೆಯುತ್ತದೆ. ಕಳಿಸದೆ ಉಳಿದಿದ್ದ ವಾರಗಳ ಲೆಕ್ಕವೂ ಹೋಯಿತು. ಇಷ್ಟು ಬಾಕಿ ಇದೆ ಎಂದು ಆ್ಯಪು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಫೋನು ಮಾತ್ರ ಹೊಸದರಂತೆ ಓಡತೊಡಗಿತು, ಚಿಗವ್ವ ಹುಡುಗನನ್ನು ಹರಸಿ ದುಡ್ಡು ಕೊಟ್ಟಳು.

ಮನೆಗೆ ಬಂದ ಮೇಲೆ ವಿಷಯ ಬಿಡಿಸಿ ಹೇಳಿದೆ. ಆಕೆಗೆ ಗಾಬರಿಯಾಗಲಿಲ್ಲ. ಮಾಡದಿಂದ ಉದ್ದನೆಯ ಒಂದು ವಹಿ ತೆಗೆದಳು, ಆ್ಯಪು ಬಂದ ದಿನದಿಂದಲೂ ವಾರದ ಲೆಕ್ಕವನ್ನೆಲ್ಲ ಮೊದಲು ಅದರಲ್ಲಿ ಬರೆದು ಆಮೇಲೆ ಫೋನಿಗೆ ತುಂಬಿದ್ದಳು. “ಫೋನಿಗೇನು, ಬಿದ್ದ್ರ ಒಡೀತದ” ಎಂದಳು. ರಾತ್ರಿ ಆಕೆ ಓದಿದಳು, ನಾನು ತುಂಬಿದೆ. ಆಂಡ್ರಾಯ್ಡ್ ತಾನೂ ಆ್ಯಪುಗಳ ಡೇಟಾವನ್ನು ಗೂಗಲ್ ಡ್ರೈವಿಗೆ ಬ್ಯಾಕಪ್ ಮಾಡುತ್ತದೆ, ಆ್ಯಪಿಗೆ 25 ಎಂಬಿವರೆಗೆ. ಆದರೆ ಅದಕ್ಕೂ ಸಾಮಾನ್ಯವಾಗಿ ವೈಫೈ ಬೇಕು, ಚಾರ್ಜು ಬೇಕು, ಪುರುಸೊತ್ತು ಬೇಕು. ವಹಿಗೆ ಒಂದು ಪೆನ್ಸಿಲು.

ಹಾಗೆಂದು ಎಲ್ಲರೂ ವಹಿ ಹಿಡಿಯಿರಿ ಎನ್ನುವವನಲ್ಲ ನಾನು, ಪಗಾರ ನಿಂತೀತು. ಆ್ಯಪ್ ಬರೆಯುವ ಗೆಳೆಯರಲ್ಲಿ ಕೇಳಿಕೊಳ್ಳುವುದು ಇಷ್ಟು. ಪ್ರಿಫರೆನ್ಸೋ ರೂಮೋ ಕಡತವೋ ಎಂದು ಜಗಳ ಹೂಡುವ ಮೊದಲು ಪಟ್ಟಿಯ ಪ್ರತಿ ಸಂಗತಿಯ ಎದುರಿಗೆ ‘ಇದು ಹೋದರೆ ಮತ್ತೆ ಎಲ್ಲಿಂದ ತರುತ್ತೀರಿ?’ ಎಂದು ಬರೆದುಕೊಳ್ಳಿ. ಉತ್ತರ ‘ಸರ್ವರಿನಿಂದ’ ಎಂದಿದ್ದರೆ ಕ್ಯಾಶ್ ಕೋಣೆಯಲ್ಲಿ ಹಾಯಾಗಿ ಇಡಿ. ಉತ್ತರ ಇಲ್ಲವೆಂದಾದರೆ ಖಾಸಾ ಕೋಣೆಯಲ್ಲಿಡಿ, ಸರ್ವರು ‘ಮುಟ್ಟಿತು’ ಎಂದು ಹೇಳುವ ತನಕ ಅಳಿಸಬೇಡಿ. ಜೊತೆಗೆ ಪರದೆಯ ಮೇಲೆ ಒಂದು ಸಾಲು, ಕನ್ನಡದಲ್ಲಿ, ಬಿಸಿಲಲ್ಲೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ: ‘ಇನ್ನೂ ಇಷ್ಟು ಕಳಿಸುವುದು ಬಾಕಿ ಇದೆ’. ಜಾಗ ಸಾಲದು ಅನ್ನಬೇಡಿ, ಆ ಸಾಲಿಗೆ ನೂರು ಬೈಟು ಕೂಡ ಆಗುವುದಿಲ್ಲ.